ಮೊದಲ ವಾರದ ಚಾರ್ಟ್ ಏನು ಹೇಳುತ್ತೆ, ಏನು ಹೇಳಲ್ಲ

ಹೊಸ ಗೇಮ್ ಕನ್ಸೋಲ್ ಬಿಡುಗಡೆಯಾದ ವಾರದಲ್ಲೇ ನಮ್ಮ ಹಾಸ್ಟೆಲ್ ಗ್ರೂಪುಗಳಲ್ಲಿ ಬಾರ್ ಗ್ರಾಫ್‌ಗಳು ಓಡಾಡೋಕೆ ಶುರುವಾಗುತ್ತವೆ. ಗ್ರಾಫ್ ಬಂದ ಐದು ನಿಮಿಷಕ್ಕೆ ತೀರ್ಪೂ ಬರುತ್ತೆ: ಇದು ಗೆದ್ದಂಗ, ಅದು ಮುಗಿದಂಗ, ಇನ್ನೊಂದನ್ನ ಯಾರೂ ಮುಟ್ಟಬ್ಯಾಡ್ರಿ. 2025ರ ಜೂನ್ 5ರಂದು ನಿಂಟೆಂಡೊ ಸ್ವಿಚ್ 2 ಬಂದಾಗಲೂ ಹೀಗೇ ಆಯ್ತು. ನಾಲ್ಕು ದಿನದಲ್ಲಿ ಜಗತ್ತಿನಾದ್ಯಂತ 35 ಲಕ್ಷ. ಅಮೆರಿಕದಲ್ಲಿ ಆ ಒಂದೇ ತಿಂಗಳು 16 ಲಕ್ಷ. ಅಲ್ಲಿ ಬಿಡುಗಡೆ ತಿಂಗಳ ಹಳೇ ದಾಖಲೆ ಇದ್ದದ್ದು 2013ರ ನವೆಂಬರ್‌ನಲ್ಲಿ ಬಂದ ಪಿಎಸ್4 ಹೆಸರಲ್ಲಿ, ಸುಮಾರು 11 ಲಕ್ಷ. ಸಂಖ್ಯೆಗಳು ಸುಳ್ಳಲ್ಲ. ಆದ್ರೆ ಅವು ಏನನ್ನ ಎಣಿಸಿವೆ, ಎಲ್ಲಿ ಎಣಿಸಿವೆ, ಯಾರನ್ನ ಬಿಟ್ಟಿವೆ ಅಂತ ಕೇಳದೆ ಓದಿದ್ರೆ ಚಾರ್ಟ್‌ನಲ್ಲಿ ಇಲ್ಲದ ಮಾತು ನಮ್ಮ ಕಿವಿಗೆ ಕೇಳಿಸುತ್ತೆ.

ನಾವು ನಾಲ್ಕು ಜನ ಈ ಅಂಕಿಗಳನ್ನ ಒಂದು ಶೀಟ್‌ನಲ್ಲಿ ಸೇರಿಸ್ತಾ ಬಂದಿದ್ದೇವೆ. ಶೋಕಿಗೆ ಮಾಡ್ತಿರೋ ಕೆಲಸ ಅಲ್ಲ ಇದು. ನಾಲ್ಕೂ ಜನ ಶೇರ್ ಹಾಕಿ ಒಂದು ಕನ್ಸೋಲ್ ತಗೊಳ್ಳೋ ಮಾತು ನಡೀತಾ ಇದೆ, ಜೊತೆಗೆ ನಮ್ಮಲ್ಲಿ ಇಬ್ಬರಿಗೆ ಗೇಮ್ ಮಾಡೋ ಕೆಲಸಕ್ಕೇ ಹೋಗ್ಬೇಕು ಅಂತ ಆಸೆ. ದುಡ್ಡಿನ ವಿಷಯ ಸಣ್ಣದಲ್ಲ. 2021ರ ಫೆಬ್ರವರಿ 2ರಂದು ಪಿಎಸ್5 ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ನಮ್ಮಲ್ಲಿ ಇಬ್ಬರು ಗಜೇಂದ್ರಗಡದವರು, ಅವರಲ್ಲಿ ಒಬ್ಬನ ಮನೇಲಿ ಎರಡು ಮಗ್ಗ ಇವೆ. ಅಷ್ಟು ದೊಡ್ಡ ಮೊತ್ತ ಕೇಳಿದ್ರೆ ಅವನ ತಲೆಯಲ್ಲಿ ಮೊದಲು ಬರೋದು, ಇದಕ್ಕೆ ಎಷ್ಟು ಸೀರೆ ನೇಯಬೇಕು ಅನ್ನೋ ಲೆಕ್ಕ.

ಹಾಗಾಗಿ ಸೀರೆಯಿಂದಲೇ ಶುರು ಮಾಡೋಣ. ಗಜೇಂದ್ರಗಡದಲ್ಲಿ ನೇಯ್ಗೆ ಹಳೇ ಕಸುಬು. ಅಲ್ಲಿನ ಪಟ್ಟೆದಂಚು ಸೀರೆ ಗೊತ್ತಿರೋರಿಗೆ ಗೊತ್ತು: ದಪ್ಪ ಹತ್ತಿ ನೂಲು, ಚೌಕಳಿ ಮೈ, ಯಾವ ಮಗ್ಗುಲಿಂದ ಬೇಕಾದ್ರೂ ಉಡಬಹುದು. ಮಗ್ಗದಿಂದ ಇಳಿದ ಸೀರೆ ನೇಕಾರರ ಮನೆಯಿಂದ ಸಾಹುಕಾರರ ಹತ್ರ ಹೋಗುತ್ತೆ, ಅಲ್ಲಿಂದ ಹುಬ್ಬಳ್ಳಿಯದ್ದೋ ಬೆಂಗಳೂರಿನದ್ದೋ ಅಂಗಡಿಗೆ, ಕೊನೆಗೆ ಯಾರೋ ಅಕ್ಕನ ಟ್ರಂಕಿಗೆ. ಇದರಲ್ಲಿ ಯಾವ ಹಂತಕ್ಕೆ ಮಾರಾಟ ಅನ್ನಬೇಕು? ಗೆಳೆಯನ ಕಾಕಾನ್ನ ಕೇಳಿದ್ವಿ. "ಅಂಗಡಿಗೆ ಹೋದ ಸೀರಿ ಎಲ್ಲಾ ಮಾರಿದ ಸೀರಿ ಅಲ್ಲಪಾ. ಅಂಗಡಿಯಾಂವ ಮತ್ತ ಫೋನ್ ಮಾಡಿ ಇನ್ನಷ್ಟ ಕಳಸ್ರಿ ಅಂದಾಗ ತಿಳೀಬೇಕು, ಮೊದ್ಲಿಂದು ಖರ್ಚಾಗೇತಿ ಅಂತ."

ಗೇಮ್ ಇಂಡಸ್ಟ್ರಿಯವರು ಇದಕ್ಕೇ ಸೆಲ್-ಇನ್, ಸೆಲ್-ಥ್ರೂ ಅಂತ ಎರಡು ಹೆಸರು ಇಟ್ಕೊಂಡಿದ್ದಾರೆ. ಕಂಪನಿಯಿಂದ ಅಂಗಡಿಗೆ ಹೋದದ್ದು ಸೆಲ್-ಇನ್, ಅಂಗಡಿಯಿಂದ ಗಿರಾಕಿ ಕೈಗೆ ಹೋದದ್ದು ಸೆಲ್-ಥ್ರೂ. ಕಂಪನಿಗಳು ಮೂರು ತಿಂಗಳಿಗೊಮ್ಮೆ ಹೂಡಿಕೆದಾರರಿಗೆ ಕೊಡೋ ವರದಿಯಲ್ಲಿ ಸಾಮಾನ್ಯವಾಗಿ ಬರೋದು ಮೊದಲನೇ ಲೆಕ್ಕ. ವಾರದ ಚಾರ್ಟ್‌ಗಳಲ್ಲಿ ಬರೋದು ಎರಡನೇದು. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಅಕ್ಕಪಕ್ಕ ನಿಲ್ಲಿಸಿದ ಫಾರ್ವರ್ಡ್‌ಗಳನ್ನ ನಾವು ಬೇಕಾದಷ್ಟು ನೋಡಿದ್ದೇವೆ.

ಕಾಕಾ ಹೇಳಿದ ಆ ಎರಡನೇ ಫೋನ್ ಬರದಿದ್ರೆ ಏನಾಗುತ್ತೆ ಅನ್ನೋದಕ್ಕೆ ನಿಂಟೆಂಡೊದ ವೀ ಯು ಸರಿಯಾದ ಉದಾಹರಣೆ. 2012ರ ನವೆಂಬರ್‌ನಲ್ಲಿ ಬಂತು. ಡಿಸೆಂಬರ್ ಕೊನೆಗೆ 30.6 ಲಕ್ಷ ಸಾಗಿಸಿದ್ರು. ಆರು ವಾರಕ್ಕೆ ಇದು ಕೆಟ್ಟ ಸಂಖ್ಯೆ ಏನಲ್ಲ. ಅದಕ್ಕೂ ಹಿಂದಿನ ವೀ 10 ಕೋಟಿ ದಾಟಿದ ಕನ್ಸೋಲ್, ಅಂಗಡಿಯವರಿಗೆ ಅದರ ನೆನಪಿತ್ತು, ಸ್ಟಾಕ್ ತುಂಬಿಸ್ಕೊಂಡ್ರು. ಮುಂದಿನ ಮೂರು ತಿಂಗಳು, ಜನವರಿಯಿಂದ ಮಾರ್ಚ್, ಸಾಗಿಸಿದ್ದು 3.9 ಲಕ್ಷ. ಅದರ ಮುಂದಿನ ಮೂರು ತಿಂಗಳು 1.6 ಲಕ್ಷ. ಅಂಗಡಿಯ ಕಪಾಟಿನಲ್ಲಿ ಕೂತಿದ್ದೇ ಖರ್ಚಾಗಿರಲಿಲ್ಲ, ಹೊಸದನ್ನ ಯಾರು ಕೇಳ್ತಾರೆ? 2013ರ ಮಾರ್ಚ್ ಒಳಗೆ 55 ಲಕ್ಷ ಅಂತ ಅಂದಾಜು ಹಾಕಿದ್ದ ಕಂಪನಿ 34.5 ಲಕ್ಷಕ್ಕೆ ನಿಂತಿತು. ಕೊನೆಯವರೆಗೂ ಸೇರಿ ಆ ಕನ್ಸೋಲ್ ಮುಟ್ಟಿದ್ದು 1.36 ಕೋಟಿಯ ಹತ್ತಿರ ಅಷ್ಟೇ. ಅಂದ್ರೆ ಮೊದಲ ಸಂಖ್ಯೆ ಅಂಗಡಿಯವರ ನಂಬಿಕೆಯನ್ನ ತೋರಿಸ್ತಿತ್ತು, ಗಿರಾಕಿಯ ಆಸೆ ಏನು ಅಂತ ತಿಳಿದದ್ದು ಎರಡನೇ ಸಂಖ್ಯೆಯಿಂದ.

ಇದಕ್ಕೆ ಉಲ್ಟಾ ಕೇಸೂ ಇದೆ, ಮತ್ತೆ ಅದು ನಮ್ಮ ಲ್ಯಾಬ್‌ಗೆ ಹತ್ತಿರ. ಆಪ್-ಆಂಪ್‌ಗೆ ಇನ್‌ಪುಟ್ ಜಾಸ್ತಿ ಕೊಟ್ಟು ನೋಡಿರ್ತೀರಿ. ಔಟ್‌ಪುಟ್ ಸಪ್ಲೈ ವೋಲ್ಟೇಜ್ ತನಕ ಏರಿ ತಲೆ ಚಪ್ಪಟೆ ಆಗುತ್ತೆ. ಆ ಚಪ್ಪಟೆ ತಲೆ ನೋಡಿ ಇನ್‌ಪುಟ್ ಎಷ್ಟಿತ್ತು ಅಂತ ಹೇಳೋಕೆ ಬರಲ್ಲ. ಬಿಡುಗಡೆ ವಾರದ ಎಷ್ಟೋ ಬಾರ್‌ಗಳು ಹೀಗೆ ಕ್ಲಿಪ್ ಆದವು. 2006ರ ನವೆಂಬರ್ 11ಕ್ಕೆ ಪಿಎಸ್3 ಜಪಾನಿನಲ್ಲಿ ಬಂತು, ಮೊದಲ ಎರಡು ದಿನ ಮಾರಿದ್ದು 88 ಸಾವಿರದಷ್ಟು. ಜಪಾನಿನಂಥ ದೇಶಕ್ಕೆ ಇದು ಏನೂ ಅಲ್ಲ ಅನ್ಸುತ್ತೆ. ಆದ್ರೆ ಸೋನಿ ಅಲ್ಲಿನ ಬಿಡುಗಡೆಗೆ ಅಂತ ಇಟ್ಟಿದ್ದೇ 1 ಲಕ್ಷ. ಬ್ಲೂ-ರೇ ಡ್ರೈವ್‌ಗೆ ಬೇಕಾದ ನೀಲಿ ಲೇಸರ್ ಡಯೋಡ್ ಸಾಕಷ್ಟು ಸಿಗ್ತಿರಲಿಲ್ಲ, ಅದಕ್ಕೇ ಯುರೋಪಿನ ಬಿಡುಗಡೆಯನ್ನ 2007ರ ಮಾರ್ಚ್‌ಗೆ ತಳ್ಳಿದ್ರು. ಆ 88 ಸಾವಿರ ಒಂದು ಡಯೋಡ್ ಕಾರ್ಖಾನೆಯ ಅಳತೆ. ಮುಂದೆ ಅದೇ ಪಿಎಸ್3 8.7 ಕೋಟಿ ದಾಟಿತು.

ಪಿಎಸ್5 ಕಥೆಯೂ ಇದೇ ಜಾತಿಯದ್ದು. 2020ರ ನವೆಂಬರ್‌ನಲ್ಲಿ ಶುರುವಾಗಿ ಡಿಸೆಂಬರ್ ಕೊನೆಗೆ 45 ಲಕ್ಷ. ಕೊರೋನಾ ಕಾಲ, ಚಿಪ್ ಕೊರತೆ. ಭಾರತದಲ್ಲಿ 2021ರ ಜನವರಿ 12ರಂದು ಪ್ರೀ-ಆರ್ಡರ್ ತೆರೆದ ಕೆಲವೇ ನಿಮಿಷದಲ್ಲಿ ಖಾಲಿ. "ಸೋಲ್ಡ್ ಔಟ್" ಅನ್ನೋ ಮಾತಿನ ತೊಂದರೆ ಇಲ್ಲೇ ಇದೆ. ಹತ್ತು ಇಟ್ಟು ಹತ್ತು ಮಾರಿದ್ರೂ ಸೋಲ್ಡ್ ಔಟ್, ಹತ್ತು ಲಕ್ಷ ಇಟ್ಟು ಮಾರಿದ್ರೂ ಸೋಲ್ಡ್ ಔಟ್. ಎಷ್ಟು ಇಟ್ಟಿದ್ರು ಅಂತ ಹೇಳದೆ ಬರೋ ಆ ಎರಡು ಶಬ್ದವನ್ನ ನಮ್ಮ ಶೀಟ್‌ನಲ್ಲಿ ನಾವು ಹಾಕೋದೇ ಇಲ್ಲ.

ಸರಿ, ಸ್ಟಾಕ್ ಸಾಕಷ್ಟಿದೆ, ಎಣಿಸಿದ್ದೂ ಗಿರಾಕಿ ಕೈಗೆ ಹೋದದ್ದನ್ನೇ ಅಂತ ಇಟ್ಕೊಳ್ಳಿ. ಆಗಲೂ ಮೊದಲ ವಾರದ ಕ್ಯೂನಲ್ಲಿ ನಿಲ್ಲೋರು ಯಾರು ಅಂತ ನೋಡ್ಬೇಕು. ಯಾವ ಆಟ ಬರುತ್ತೆ, ಬೆಲೆ ಎಷ್ಟು ಅನ್ನೋದನ್ನೂ ಲೆಕ್ಕಿಸದ ಕಟ್ಟಾ ಅಭಿಮಾನಿಗಳು. ಕಾಲಕಾಲೇಶ್ವರ ಜಾತ್ರೆ ದಿನ ಎಷ್ಟು ಬೆಂಡು ಬತ್ತಾಸು ಹೋಯ್ತು ಅಂತ ನೋಡಿ ಇಡೀ ವರ್ಷದ ವ್ಯಾಪಾರ ಲೆಕ್ಕ ಹಾಕೋ ಅಂಗಡಿಯವರು ಗಜೇಂದ್ರಗಡದಲ್ಲಿ ಒಬ್ಬರೂ ಸಿಗಲ್ಲ. ಸೋನಿಯ ಪಿಎಸ್ ವೀಟಾ 2011ರ ಡಿಸೆಂಬರ್ 17ಕ್ಕೆ ಜಪಾನಿನಲ್ಲಿ ಬಂದು ಎರಡೇ ದಿನದಲ್ಲಿ 3.2 ಲಕ್ಷ ಮಾರಿತು. ಮುಂದಿನ ಪೂರ್ತಿ ವಾರಕ್ಕೆ 72 ಸಾವಿರ ಚಿಲ್ಲರೆ. ಅದೂ ವರ್ಷಾಂತ್ಯದ ಖರೀದಿ ಜೋರಾಗಿರೋ ದಿನಗಳಲ್ಲಿ. ಆರಂಭಶೂರತನ ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ, ಅದನ್ನ ಅಳೆಯೋಕೆ ಒಂದು ಸುಲಭದ ಅನುಪಾತ ಇದೆ: ಎರಡನೇ ವಾರವನ್ನ ಮೊದಲ ವಾರದಿಂದ ಭಾಗಿಸಿ. ವೀಟಾಗೆ ಅದು 0.23ರ ಆಸುಪಾಸು. ಒಂದೇ ಅಂಕಿಯಿಂದ ಪೂರ್ತಿ ಭವಿಷ್ಯ ಹೇಳೋಕಾಗಲ್ಲ, ಆದ್ರೆ ಮೊದಲ ವಾರದ ಎತ್ತರಕ್ಕಿಂತ ಈ ಇಳಿಜಾರಿನಲ್ಲಿ ಸುದ್ದಿ ಜಾಸ್ತಿ ಇರುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದ ಸೀನಿಯರ್ಸ್‌ಗೆ ಇದು ಟ್ರಾನ್ಸಿಯಂಟ್, ಸ್ಟೆಡಿ ಸ್ಟೇಟ್ ಅಂದ್ರೆ ಸಾಕು.

ದಾಖಲೆಯೂ ಕಾಪಾಡಲ್ಲ ಅನ್ನೋದಕ್ಕೆ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ನೋಡಿ. ಅಮೆರಿಕದಲ್ಲಿ 1999ರ ಸೆಪ್ಟೆಂಬರ್ 9ಕ್ಕೆ ಬಿಡುಗಡೆ, ಒಂಬತ್ತು ಒಂಬತ್ತು ತೊಂಬತ್ತೊಂಬತ್ತು. 24 ಗಂಟೆಯಲ್ಲಿ 2,25,132 ಕನ್ಸೋಲ್, ಆಟಗಳನ್ನೂ ಸೇರಿಸಿ 9.84 ಕೋಟಿ ಡಾಲರ್ ವ್ಯಾಪಾರ. ಮನರಂಜನೆ ಲೋಕದಲ್ಲೇ ದೊಡ್ಡ ದಿನ ಅಂತ ಕೊಂಡಾಡಿದ್ರು. ಆರು ತಿಂಗಳಲ್ಲಿ ಜಪಾನಿಗೆ ಡಿವಿಡಿ ಕೂಡ ಓಡಿಸೋ ಪಿಎಸ್2 ಬಂತು. ಇಎಯಂಥ ದೊಡ್ಡ ಕಂಪನಿ ಡ್ರೀಮ್‌ಕಾಸ್ಟ್‌ಗೆ ಆಟವನ್ನೇ ಮಾಡಲಿಲ್ಲ. ಸೆಗಾ ಕೈಯಲ್ಲಿ ದುಡ್ಡು ಕರಗ್ತಾ ಇತ್ತು. 2001ರ ಮಾರ್ಚ್‌ಗೆ ತಯಾರಿಕೆ ನಿಂತಿತು, ಸೆಗಾ ಕನ್ಸೋಲ್ ಮಾಡೋದನ್ನೇ ಬಿಟ್ಟಿತು. ಆ ಒಂದು ದಿನದ ಚಾರ್ಟ್‌ನಲ್ಲಿ ಇದರ ಸುಳಿವೂ ಇಲ್ಲ, ಇರೋಕೂ ಸಾಧ್ಯ ಇಲ್ಲ.

ನಮ್ಮ ಸಿನಿಮಾ ನೋಡೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. 'ಕಾಂತಾರ' 2022ರ ಸೆಪ್ಟೆಂಬರ್ 30ಕ್ಕೆ ಬರೀ ಕನ್ನಡದಲ್ಲಿ ಬಂತು. ಎರಡು ವಾರ ಆದ್ಮೇಲೆ ಹಿಂದಿ, ತೆಲುಗು. ಜನ ಮಾತಾಡಿ ಮಾತಾಡಿ ಓಡಿಸಿದ ಸಿನಿಮಾ ಅದು. ಮೊದಲ ದಿನದ ಕಲೆಕ್ಷನ್ ಪಟ್ಟಿ ನೋಡಿ ಯಾರಾದ್ರೂ ಮುಂದಿನ ಎರಡು ತಿಂಗಳನ್ನ ಊಹಿಸಿದ್ರೆ ಅವರಿಗೆ ನಮ್ಮ ನಮಸ್ಕಾರ.

ಇನ್ನು ಆಟಗಳ ಚಾರ್ಟ್. ಇಲ್ಲಿ ಟೈ ರೇಷಿಯೋ ಅಂತ ಒಂದು ಲೆಕ್ಕ ಇದೆ: ಒಂದು ಆಟದ ಮಾರಾಟವನ್ನ ಕನ್ಸೋಲ್ ಮಾರಾಟದಿಂದ ಭಾಗಿಸೋದು. ಸಹಜವಾಗಿ ಇದು 1ರ ಒಳಗೆ ಇರ್ಬೇಕು. 2017ರ ಮಾರ್ಚ್‌ನಲ್ಲಿ ಅಮೆರಿಕದ ಎನ್‌ಪಿಡಿ ಲೆಕ್ಕದಲ್ಲಿ ಮೊದಲ ಸ್ವಿಚ್ 9.06 ಲಕ್ಷ, ಅದರ ಜೊತೆ ಬಂದ 'ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಆಟದ ಸ್ವಿಚ್ ಆವೃತ್ತಿ 9.25 ಲಕ್ಷ. ಕನ್ಸೋಲ್‌ಗಿಂತ ಆಟವೇ ಜಾಸ್ತಿ! ಒಂದು ಪ್ರತಿ ಕಪಾಟಿನಲ್ಲಿ ಇಡೋಕೆ, ಇನ್ನೊಂದು ಆಡೋಕೆ ತಗೊಂಡೋರು ಇರಬಹುದು ಅಂತ ನಿಂಟೆಂಡೊ ಹೇಳಿತು. ಕನ್ಸೋಲ್ ಸಿಗದೆ ಆಟ ಮಾತ್ರ ಮೊದಲೇ ತಗೊಂಡಿಟ್ಟೋರೂ ಇದ್ದಿರಬಹುದು ಅಂತ ನಮ್ಮ ಊಹೆ. ಏನೇ ಇರಲಿ, ಈ 1.02 ಒಳ್ಳೇ ಸುದ್ದಿ ಆಗಿತ್ತು. ಆ ಸ್ವಿಚ್ ಮುಂದೆ 15 ಕೋಟಿ ದಾಟಿತು.

ಆದ್ರೆ ಇದೇ ಕಣ್ಣಿನಿಂದ ಸ್ವಿಚ್ 2 ನೋಡಿದ್ರೆ ಎಡವ್ತೀರಿ. 2025ರ ಜೂನ್ ಕೊನೆಗೆ ಕನ್ಸೋಲ್ 58.2 ಲಕ್ಷ, 'ಮಾರಿಯೋ ಕಾರ್ಟ್ ವರ್ಲ್ಡ್' 56.3 ಲಕ್ಷ. ಅನುಪಾತ 0.97, ಕೇಳೋಕೆ ಭಾರಿ. ಹೆಚ್ಚಿನ ಜನ ತಗೊಂಡದ್ದು ಆ ಆಟ ಒಳಗೇ ಇದ್ದ ಬಂಡಲ್. ಒಂದು ಡಬ್ಬಿ, ಎರಡು ಕಾಲಂನಲ್ಲಿ ಎಣಿಕೆ. ಜೆಲ್ಡಾವನ್ನ ಜನ ಬೇರೆ ದುಡ್ಡು ಕೊಟ್ಟು ಆರಿಸಿಕೊಂಡಿದ್ರು, ಇಲ್ಲಿ ಆರಿಸೋ ಪ್ರಶ್ನೆ ಅರ್ಧಕ್ಕರ್ಧ ಇಲ್ಲ. ಎರಡು ಅನುಪಾತಗಳು ಹತ್ತಿರ ಹತ್ತಿರ ಇದ್ದರೂ ಹೇಳೋದು ಬೇರೆ ಬೇರೆ.

ಇನ್ನೂ ಕೆಲವು ಚಿಲ್ಲರೆ ವಿಷಯ ಬೇಗ ಹೇಳಿಬಿಡ್ತೀವಿ. ಅಮೆರಿಕದ ಲೆಕ್ಕ ಕೊಡೋ ಎನ್‌ಪಿಡಿಗೆ ಈಗ ಸರ್ಕಾನಾ ಅಂತ ಹೆಸರು. ಅವರ 'ತಿಂಗಳು' ನಾಲ್ಕು ವಾರದ್ದೂ ಇರುತ್ತೆ, ಐದು ವಾರದ್ದೂ ಇರುತ್ತೆ, ಹಾಗಾಗಿ ತಿಂಗಳಿಗೆ ತಿಂಗಳು ಹೋಲಿಸೋ ಮುಂಚೆ ವಾರದಿಂದ ಭಾಗಿಸಿ. ಅವರ ಆಟಗಳ ಪಟ್ಟಿ ಸಾಲುಗಟ್ಟೋದು ಡಾಲರ್ ಮೇಲೆ, ಪ್ರತಿಗಳ ಮೇಲಲ್ಲ. ಅಗ್ಗದ ಆಟ ಎಷ್ಟೇ ಜನ ತಗೊಂಡ್ರೂ ಕೆಳಗೇ ಕೂರುತ್ತೆ. ನಿಂಟೆಂಡೊ ತನ್ನ ಡಿಜಿಟಲ್ ಮಾರಾಟವನ್ನ ಅವರಿಗೆ ಕೊಡಲ್ಲ. ಜಪಾನಿನ ಫಾಮಿತ್ಸು ವಾರದ ಪಟ್ಟಿಯಲ್ಲಿ ಎಣಿಸೋದು ಡಬ್ಬಿಯಲ್ಲಿ ಬರೋ ಆಟಗಳನ್ನ. ಡೌನ್‌ಲೋಡ್ ಮಾಡ್ಕೊಂಡೋರು ಆ ಪಟ್ಟಿಯಲ್ಲಿ ಸಿಗಲ್ಲ. ಹತ್ತು ವರ್ಷ ಹಳೇ ಚಾರ್ಟ್ ಪಕ್ಕ ಇವತ್ತಿನದನ್ನ ಇಟ್ಟು ಆಟಗಳ ಮಾರಾಟ ಬಿತ್ತು ಅನ್ನೋರು ಇದನ್ನ ಮರೀತಾರೆ.

ನಮ್ಮ ಶೇರ್ ದುಡ್ಡಿಗೆ ನೇರ ಸಂಬಂಧ ಇರೋ ಕಥೆ ನಿಂಟೆಂಡೊ 3ಡಿಎಸ್‌ದು. 2011ರ ಫೆಬ್ರವರಿ 26ಕ್ಕೆ ಜಪಾನಿನಲ್ಲಿ 25,000 ಯೆನ್‌ಗೆ ಬಂತು. ಮಾರ್ಚ್ ಕೊನೆಗೆ 36.1 ಲಕ್ಷ ಸಾಗಿಸಿದ್ರು. ಮುಂದಿನ ಮೂರು ತಿಂಗಳು 7.1 ಲಕ್ಷಕ್ಕೆ ಕುಸಿತ. ಚಾರ್ಟ್ ನೋಡಿದೋರು ಇದು ಮುಗೀತು ಅಂದ್ರು. ಇಳಿಜಾರು ನಿಜವೇ ಆಗಿತ್ತು: ಬೆಲೆ ಜಾಸ್ತಿ, ಒಳ್ಳೇ ಆಟ ಕಡಿಮೆ. ಆದ್ರೆ ಕಂಪನಿ ಕೈ ಕಟ್ಟಿ ಕೂರಲಿಲ್ಲ. ಆಗಸ್ಟ್ 11ಕ್ಕೆ ಜಪಾನಿನಲ್ಲಿ ಬೆಲೆ 15,000 ಯೆನ್ ಆಯ್ತು, ಮಾರನೇ ದಿನ ಅಮೆರಿಕದಲ್ಲಿ 249.99 ಡಾಲರ್ ಇದ್ದದ್ದು 169.99ಕ್ಕೆ ಇಳೀತು. ಅಧ್ಯಕ್ಷ ಸತೋರು ಇವಾಟಾ ತಮ್ಮ ಸಂಬಳವನ್ನ ಅರ್ಧ ಇಳಿಸ್ಕೊಂಡ್ರು. ವರ್ಷದ ಕೊನೆಗೆ ಹೊಸ ಮಾರಿಯೋ, ಮಾರಿಯೋ ಕಾರ್ಟ್ ಬಂದವು. ಒಟ್ಟು ಮಾರಾಟ ಕೊನೆಗೆ 7.59 ಕೋಟಿ. ಅಂದ್ರೆ ಆರಂಭದ ಚಾರ್ಟ್ ರೋಗವನ್ನ ಸರಿಯಾಗೇ ತೋರಿಸಿತ್ತು, ಆದ್ರೆ ರೋಗಿ ಸಾಯ್ತಾನೆ ಅಂದದ್ದು ಓದಿದೋರ ಸೇರಿಕೆ.

ಮೊದಲ ತಿಂಗಳು ಪೂರ್ತಿ ದುಡ್ಡು ಕೊಟ್ಟೋರ ಗತಿ? ಅವರಿಗೆ ಸಮಾಧಾನಕ್ಕೆ ಅಂತ 20 ಹಳೇ ಆಟ ಪುಕ್ಕಟೆ ಕೊಟ್ರು. ಹಾಗಾದ್ರೆ ಕಾದ್ರೆ ಬೆಲೆ ಇಳಿಯುತ್ತೆ ಅಂತ ನಾವು ಕೂರಬಹುದಾ ಅಂದ್ರೆ ಅದೂ ಈಗ ಹಾಗಿಲ್ಲ. ಪಿಎಸ್5 ಭಾರತದಲ್ಲಿ 49,990 ಇದ್ದದ್ದು 2022ರ ನವೆಂಬರ್‌ನಲ್ಲಿ 54,990 ಆಯ್ತು. ಬೇಡಿಕೆ ತಗ್ಗಿದ ಕನ್ಸೋಲ್ ಅಗ್ಗ ಆಗುತ್ತೆ, ಬೇಡಿಕೆ ಇರೋದು ತುಟ್ಟಿ ಆಗ್ತಾನೂ ಹೋಗಬಹುದು. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ನಾವು ಮೂರನೇ ತ್ರೈಮಾಸಿಕದವರೆಗೆ ಕಾಯೋಣ ಅಂತ ಮೂರು ಮತ, ಒಂದು ವಿರೋಧ. ವಿರೋಧ ಮಾಡಿದವನ ವಾದ: "ಅಷ್ಟೊತ್ತಿಗೆ ಫೈನಲ್ ಇಯರ್ ಬರ್ತದ, ಆಡೋದ್ ಯಾವಾಗ್ಲೇ?" ವಾದದಲ್ಲಿ ಹುರುಳಿದೆ.

ಕೊನೇದಾಗಿ ಈ ಎಲ್ಲಾ ಚಾರ್ಟ್‌ಗಳಲ್ಲಿ ಇಲ್ಲದವರ ಮಾತು. ನಿಂಟೆಂಡೊ ತನ್ನ ವರದಿಯಲ್ಲಿ ಜಗತ್ತನ್ನ ನಾಲ್ಕು ಭಾಗ ಮಾಡುತ್ತೆ: ಜಪಾನ್, ಅಮೆರಿಕ ಖಂಡಗಳು, ಯುರೋಪ್, ಇತರೆ. ಸ್ವಿಚ್ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲ. ಆದ್ರೂ ಬೆಂಗಳೂರಿನಲ್ಲಿ ಸಿಗುತ್ತೆ, ನಮ್ಮ ಕ್ಯಾಂಪಸ್‌ನಲ್ಲೂ ಇದೆ. ದುಬೈನಿಂದ ಮಾವ ತಂದದ್ದು, ಅಮೆರಿಕದಿಂದ ಅಕ್ಕ ಕಳಿಸಿದ್ದು. ಅಕ್ಕ ಕಳಿಸಿದ ಕನ್ಸೋಲ್ ಅಮೆರಿಕದ ಬಾರ್‌ನಲ್ಲಿ ಒಂದು ಗೆರೆ ಎತ್ತರ ಸೇರಿಸಿ ಗಜೇಂದ್ರಗಡಕ್ಕೆ ಬರುತ್ತೆ. ಇಲ್ಲಿ ಅದನ್ನ ಆಡೋ ಹುಡುಗ ಯಾವ ಲೆಕ್ಕದಲ್ಲೂ ಇರಲ್ಲ. ಆಟಗಳನ್ನ ಯಾವ ಭಾಷೆಗೆ ತರಬೇಕು, ಸರ್ವಿಸ್ ಸೆಂಟರ್ ಎಲ್ಲಿ ತೆರೀಬೇಕು ಅಂತ ಕಂಪನಿಗಳು ಕೂತು ಯೋಚಿಸೋವಾಗ ಮುಂದೆ ಇರೋದು ಇದೇ ಅಂಕಿಗಳು. ಸ್ವಿಚ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ. ಇದೇ ಸ್ವಿಚ್ 2ಗೆ ಜಪಾನಿನಲ್ಲಿ, ಜಪಾನಿ ಭಾಷೆ ಮಾತ್ರ ಇರೋ ಆವೃತ್ತಿಯನ್ನ 49,980 ಯೆನ್‌ಗೆ ಕೊಟ್ರು. ಎಲ್ಲಾ ಭಾಷೆಯದ್ದು 69,980. ಎಣಿಕೆಗೆ ಸಿಗೋ ಊರಿನ ಭಾಷೆಗೆ ಬಿಡುಗಡೆಯಲ್ಲಿ 20,000 ಯೆನ್ ರಿಯಾಯಿತಿ ಸಿಕ್ತು ನೋಡಿ.

ಆಟ ಮಾಡೋರ ಪಟ್ಟಿಯಲ್ಲಿ ಮಾತ್ರ ನಾವಿದ್ದೇವೆ, ಇದು ವಿಚಿತ್ರ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ಹೊರದೇಶದ ದೊಡ್ಡ ಆಟಗಳಿಗೆ ವರ್ಷಗಟ್ಟಲೆ ಕೆಲಸ ಮಾಡಿ, 2019ರಲ್ಲಿ ಜಿಟಿಎ ಮಾಡೋ ರಾಕ್‌ಸ್ಟಾರ್ ಕೈ ಸೇರಿತು. ಇಲ್ಲಿ ಮಾಡಿದ ಕೆಲಸ ಚಾರ್ಟ್‌ನ ಮೇಲ್ತುದಿಯಲ್ಲಿ ಕೂರಬಹುದು. ಇಲ್ಲಿ ಕೊಂಡದ್ದು ಬಹುಪಾಲು ಕಾಣಲ್ಲ.

ನಮ್ಮ ಶೀಟ್‌ನಲ್ಲಿ 'ಭಾರತ' ಅಂತ ಒಂದು ಕಾಲಂ ಇದೆ, ಹೆಚ್ಚಿನ ಸಾಲುಗಳಲ್ಲಿ ಖಾಲಿ. ಅದನ್ನ ತುಂಬೋದು ನಮ್ಮ ಕೈಯಲ್ಲಿಲ್ಲ, ಆದ್ರೆ ಕ್ಯಾಂಪಸ್ ಅಂತ ಇನ್ನೊಂದು ಕಾಲಂ ಹಾಕಬಹುದು. ಮುಂದಿನ ತಿಂಗಳು ಎರಡೂ ಹಾಸ್ಟೆಲ್‌ಗಳಲ್ಲಿ ರೂಮ್ ರೂಮಿಗೆ ಬರ್ತೀವಿ. ಕೇಳೋದು ನಾಲ್ಕೇ ಪ್ರಶ್ನೆ: ಯಾವ ಕನ್ಸೋಲ್, ಯಾವ ವರ್ಷದ್ದು, ಹೊಸದಾ ಸೆಕೆಂಡ್ ಹ್ಯಾಂಡಾ, ಬಿಲ್ ಯಾವ ದೇಶದ್ದು. ಹೆಸರು ಬರ್ಕೊಳ್ಳಲ್ಲ, ವಾರ್ಡನ್‌ಗೂ ಹೇಳಲ್ಲ.